ಪೆಟ್ಟಿಗೆಯ ಮೇಲಿನ ನಂಬರು

ಮದುವೆಯಾಗಿ ಬಂದ ಮೊದಲ ವಾರದಲ್ಲೇ ಗಮನಿಸಿದ್ದೆ: ನಮ್ಮತ್ತೆ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಫೋನು, ಬಟ್ಟೆ ಒಣಗಿಸಲು ಹೋದರೆ ಸೊಂಟದಲ್ಲಿ ಫೋನು. ಹಾಗಂತ ಯಾರ ಜೊತೆಗೂ ಹರಟಿದ್ದನ್ನು ನಾನು ಕಾಣೆ. ಗಂಡನ ಹತ್ತಿರ ಗೊಣಗಿದಾಗ ಅವರು ನಕ್ಕು, "ಅಮ್ಮನ ಪೆಟ್ಟಿಗೆ ಗಾಳೀಲಿದೆ, ಬಿಡು" ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಅತ್ತೆಯೇ ಒಂದು ದಿನ ಬೀನ್ಸ್ ಬಿಡಿಸುತ್ತಾ ಬಿಡಿಸಿ ಹೇಳಿದರು. ಅವರು ಕೆಲಸ ಮಾಡುವುದು ಗಾಜಿನ ಮೇಲೆ ಚಿತ್ತಾರ ಕೊರೆಯುವ ಆಸಿಡ್ ತಯಾರಿಸುವ ಕಾರ್ಖಾನೆಯಲ್ಲಿ. ಇಪ್ಪತ್ತೆರಡನೇ ವಯಸ್ಸಿಗೆ ಬಾಟಲಿ ತೊಳೆಯಲು ಸೇರಿದವರು. ತೊಳೆಯುವ ಬಾಟಲಿಯಲ್ಲಿ ಏನಿತ್ತು, ಅದು ಯಾಕೆ ಅಷ್ಟು ಅಪಾಯ ಎಂದು ಕೇಳಿ ಕೇಳಿ ಲ್ಯಾಬಿನ ಮುಖ್ಯಸ್ಥರ ತಲೆ ತಿಂದರಂತೆ. ಅವರು ಬೇಸತ್ತು ತಮ್ಮ ಪುಸ್ತಕಗಳನ್ನೇ ಕೊಟ್ಟುಬಿಟ್ಟರಂತೆ. ಈಗ ಸುರಕ್ಷತೆಯ ವಿಭಾಗವೆಲ್ಲ ಅತ್ತೆಯ ಕೈಯಲ್ಲೇ. ಆ ಆಸಿಡ್ ಸಣ್ಣ ಬಾಟಲಿಗಳಲ್ಲಿ, ಗಟ್ಟಿ ಪೆಟ್ಟಿಗೆಗಳಲ್ಲಿ ವಿಮಾನ ಹತ್ತಿ ದೂರದೂರಕ್ಕೆ ಹೋಗುತ್ತದೆ. ಜೊತೆಗೆ ಹೋಗುವ ಕಾಗದದಲ್ಲಿ ಒಂದು ಫೋನ್ ನಂಬರು ಇರಲೇಬೇಕು. ಪೆಟ್ಟಿಗೆ ಇಲ್ಲಿಂದ ಹೊರಟು ಸೇರುವ ಜಾಗ ಸೇರುವ ತನಕ, ಯಾವ ಹೊತ್ತಿಗೆ ಯಾರು ಮಾಡಿದರೂ ಆ ಫೋನ್ ಎತ್ತಬೇಕು.

"ಎತ್ತಿದ್ರೆ ಸಾಲದು ಕಣೇ," ಅಂದರು ಅತ್ತೆ. "ಎತ್ತಿದವರಿಗೆ ಒಳಗೇನಿದೆ ಅಂತ ಗೊತ್ತಿರ್ಬೇಕು. 'ಕೇಳಿ ಹೇಳ್ತೀನಿ, ಆಮೇಲೆ ಮಾಡಿ' ಅನ್ನೋ ಹಾಗಿಲ್ಲ. ಒಂದು ವಾರ ನನ್ನ ನಂಬರು, ಒಂದು ವಾರ ಮುಖ್ಯಸ್ಥರದ್ದು."

"ಇಲ್ಲಿವರೆಗೆ ಎಷ್ಟು ಸಲ ಬಂದಿದೆ ಅತ್ತೆ?"

"ಹನ್ನೆರಡು ವರ್ಷದಲ್ಲಿ ಎರಡು ಸಲ. ಎರಡೂ ಅಧಿಕಾರಿಗಳದ್ದೇ. ಎತ್ತುತ್ತೀನೋ ಇಲ್ವೋ ಅಂತ ಪರೀಕ್ಷೆ ಮಾಡಿದ್ರು."

ಬಾರದ ಫೋನಿಗಾಗಿ ಹನ್ನೆರಡು ವರ್ಷ ಕಾಯುವುದೇ! ಒಳಗೊಳಗೇ ನಗು ಬಂತು.

ಮುಂದೆ ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅತ್ತೆಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ದವಡೆ ಹಲ್ಲು ಕೀಳಬೇಕಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಡಾಕ್ಟರು ಇಕ್ಕಳ ಕೈಗೆತ್ತಿಕೊಂಡಿದ್ದರು. ಅಷ್ಟರಲ್ಲಿ ಅತ್ತೆಯ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು.

ಅತ್ತೆ ಡಾಕ್ಟರ ಕೈಯನ್ನು ಪಕ್ಕಕ್ಕೆ ಸರಿಸಿ ಎದ್ದು ಕೂತರು. ಫೋನ್ ಎತ್ತಿ ಮಾತಾಡಲು ನೋಡಿದರೆ ನಾಲಿಗೆ ಹೊರಳದು, ಅರ್ಧ ಬಾಯಿ ಮರದ ಕೊರಡು. ಆ ಕಡೆಯವರು "ಹಲೋ? ಏನಂದ್ರಿ?" ಎಂದು ಕೂಗುತ್ತಿದ್ದರು. ಅತ್ತೆ ಒಂದೇ ಕ್ಷಣ ನನ್ನ ಮುಖ ನೋಡಿದರು. ಫೋನಿನ ಸ್ಪೀಕರ್ ಹಾಕಿ ನನ್ನ ಕೈಗಿಟ್ಟು, ಮೇಜಿನ ಮೇಲಿದ್ದ ಔಷಧಿ ಚೀಟಿಯ ಪ್ಯಾಡನ್ನು ಎಳೆದುಕೊಂಡು ಬರೆದರು: "ನಾನು ಬರೀತೀನಿ. ನೀನು ಓದು. ಒಂದಕ್ಷರ ಸೇರಿಸ್ಬೇಡ."

ಮಾತಾಡುತ್ತಿದ್ದವನು ಯಾವುದೋ ದೂರದ ವಿಮಾನ ನಿಲ್ದಾಣದ ಸರಕು ಶೆಡ್ಡಿನ ಮೇಲ್ವಿಚಾರಕ. ಪೆಟ್ಟಿಗೆ ಮೇಲಿನಿಂದ ಬಿದ್ದು ಮೂಲೆ ಒದ್ದೆಯಾಗಿದೆ. ಲೋಡರ್ ಒಬ್ಬ ಬರಿಗೈಯಲ್ಲಿ ಎತ್ತಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದಾನೆ.

"ಅವನಿಗೇನೂ ಆಗಿಲ್ಲ ಮೇಡಂ, ನಗ್ತಾ ನಿಂತಿದ್ದಾನೆ. ನೆಲ ಒರೆಸಬೇಕಾ, ಮರಳು ಹಾಕಬೇಕಾ ಅಂತ ಕೇಳೋಣ ಅಂತ ಮಾಡಿದೆ."

ಅತ್ತೆಯ ಪೆನ್ನು ಓಡಿತು. ನಾನು ಓದಿದೆ: "ನೆಲ ಬಿಡಿ. ಒರೆಸಬೇಡಿ, ಮರಳು ಹಾಕಬೇಡಿ. ಇದು ಗಾಜು ತಿನ್ನುತ್ತೆ, ಮರಳನ್ನೂ ತಿನ್ನುತ್ತೆ. ಎಲ್ಲರೂ ದೂರ ಹೋಗಿ. ಅವನ ಕೈ ಈಗಲೇ ನಲ್ಲಿ ಕೆಳಗೆ ಹಿಡೀರಿ. ಪ್ಯಾಂಟ್ ಬಿಚ್ಚಿಸಿ, ಕಾಲೂ ತೊಳೀರಿ. ಮುಟ್ಟೋರು ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ."

"ಎಲ್ಲರೆದುರಿಗೆ ಪ್ಯಾಂಟಾ? ಅವನು ಒಪ್ಪಲ್ಲ ಮೇಡಂ. ನೋವೇ ಇಲ್ಲ ಅಂತಿದ್ದಾನೆ."

ಅತ್ತೆ ಎಷ್ಟು ಒತ್ತಿ ಬರೆದರೆಂದರೆ ಕಾಗದ ಹರಿಯಿತು. "ನೋವು ಸಂಜೆಗೆ ಬರುತ್ತೆ. ಅಷ್ಟೊತ್ತಿಗೆ ಅದು ಮೂಳೆ ಮುಟ್ಟಿರುತ್ತೆ. ನಾಚಿಕೆ ಬೇಕೋ ಬೆರಳು ಬೇಕೋ ಕೇಳಿ."

ಫೋನಿನಲ್ಲಿ ಗದ್ದಲ, ಓಡುವ ಸದ್ದು. ಆಮೇಲೆ ನೀರು ಸುರಿಯುವ ಸದ್ದು. ಎಲ್ಲಿಯದೋ ಒಂದು ನಲ್ಲಿ, ನಾವು ಮುಖ ಕಾಣದ ಒಬ್ಬ ಮನುಷ್ಯನ ಕೈ. ಜನ್ಮದಲ್ಲಿ ವಿಮಾನದ ಮೆಟ್ಟಿಲು ತುಳಿಯದ ನಮ್ಮತ್ತೆ, ಕುತ್ತಿಗೆಗೆ ಹಲ್ಲಿನ ಆಸ್ಪತ್ರೆಯ ಕಾಗದದ ಬಟ್ಟೆ ಕಟ್ಟಿಕೊಂಡು, ಬಾಯಿಯ ಒಂದು ಕೊನೆಯಿಂದ ಜೊಲ್ಲು ಸುರಿಸುತ್ತಾ, ಆ ಕೈಯನ್ನು ಹಿಡಿದುಕೊಂಡು ಕೂತಿದ್ದರು. ಹಲ್ಲಿನ ಡಾಕ್ಟರು ಇಕ್ಕಳ ಕೆಳಗಿಟ್ಟು, ಹೊಸ ಪ್ಯಾಡ್ ತಂದುಕೊಟ್ಟರು.

ಆ ಕಡೆ ಆಂಬುಲೆನ್ಸ್ ಬಂತು, ಮೇಲ್ವಿಚಾರಕ ಫೋನ್ ಇಡದೆ ಜೊತೆಗೇ ಹತ್ತಿದ. ಆಸ್ಪತ್ರೆಯಲ್ಲಿ ಫೋನು ಅಲ್ಲಿನ ಡಾಕ್ಟರ ಕೈ ಸೇರಿತು. ಆಕೆ ಚಿಕ್ಕ ವಯಸ್ಸಿನವಳಿರಬೇಕು. "ಇಂಥ ಕೇಸು ನಾನು ನೋಡಿಲ್ಲ, ಸ್ವಲ್ಪ ನಿಧಾನಕ್ಕೆ ಹೇಳಿ" ಎಂದು ಯಾವ ಬಿಗುಮಾನವೂ ಇಲ್ಲದೆ ಕೇಳಿದಳು. ಈ ಆಸಿಡ್ ಸುಟ್ಟ ಜಾಗಕ್ಕೆ ಹಚ್ಚುವ ಕ್ಯಾಲ್ಸಿಯಂ ಜೆಲ್ ಅಲ್ಲಿರಲಿಲ್ಲ. ಇಂಜೆಕ್ಷನ್ನಿಗೆ ಇಟ್ಟಿದ್ದ ಕ್ಯಾಲ್ಸಿಯಂ ಗ್ಲುಕೋನೇಟನ್ನೇ ತಪಾಸಣೆಗೆ ಬಳಸುವ ಜಾರು ಜೆಲ್ಲಿನಲ್ಲಿ ಕಲಸಿ, ಗ್ಲೌಸಿನೊಳಗೆ ತುಂಬಿ, ಆ ಗ್ಲೌಸಿನಲ್ಲಿ ಅವನ ಕೈ ಇಡಲು ಅತ್ತೆ ಬರೆದರು, ನಾನು ಓದಿದೆ. ಎದೆಬಡಿತ ನೋಡುತ್ತಿರಬೇಕು, ಇವತ್ತು ಮನೆಗೆ ಕಳಿಸಬಾರದು ಎಂದೂ ಬರೆದರು. ಆಕೆ ಪ್ರತಿಯೊಂದನ್ನೂ ತಿರುಗಿ ಹೇಳಿ ಸರಿಯೇ ಎಂದು ಕೇಳಿದಳು. ಫೋನ್ ಇಟ್ಟಾಗ ಒಂದು ಗಂಟೆ ನಲವತ್ತು ನಿಮಿಷ ಕಳೆದಿತ್ತು. ಇಂಜೆಕ್ಷನ್ನಿನ ಜೋಮು ಇಳಿಯುತ್ತಾ ಬಂದು ಅತ್ತೆಯ ಹಲ್ಲು ಸಿಡಿಯುತ್ತಿತ್ತು.

"ಆಮೇಲೆ ಕೀಳಿಸ್ಕೋತೀನಿ ಡಾಕ್ಟ್ರೇ," ಅಂದರು ತೊದಲುತ್ತಾ. "ಇನ್ನೂ ಮೂರು ಪೆಟ್ಟಿಗೆ ದಾರೀಲಿವೆ."

ಮರುದಿನ ಆಸ್ಪತ್ರೆಯ ಆ ಡಾಕ್ಟರೇ ಫೋನ್ ಮಾಡಿದಳು. ನೋವು ಸಂಜೆಗೇ ಬಂತಂತೆ, ಅತ್ತೆ ಹೇಳಿದ ಹಾಗೆಯೇ. ಎರಡು ಬೆರಳಿನ ಉಗುರು ಹೋಗಬಹುದು, ಬೆರಳು ಉಳಿದಿವೆ, ಜೀವಕ್ಕೇನೂ ಭಯವಿಲ್ಲ ಎಂದಳು. ಅತ್ತೆ "ಸರಿ ತಾಯಿ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು. ಬಹಳ ಹೊತ್ತು ಒಂದೇ ಲೋಟ ತೊಳೆಯುತ್ತಿದ್ದರು.

ನಾನು ಆಮೇಲೆ ನಗಲಿಲ್ಲ. ಅವರ ಪುಸ್ತಕ ತೆಗೆದು ಮೊದಲ ಪುಟದಿಂದ ಓದಲು ಕೂತೆ. ಗೊತ್ತಾಗದ್ದನ್ನು ಕೇಳಿ ಕೇಳಿ ಈಗ ನಾನು ಅವರ ತಲೆ ತಿನ್ನುತ್ತಿದ್ದೇನೆ.

ಎರಡು ತಿಂಗಳ ಬಳಿಕ ಅತ್ತೆಯ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಗಂಡಸಿನ ಅಳುಕಿನ ದನಿ. "ಅಮ್ಮಾ, ನಾನು... ಅವತ್ತು ಪ್ಯಾಂಟ್ ಬಿಚ್ಚಲ್ಲ ಅಂದೋನು."

"ಅಯ್ಯೋ, ಈ ನಂಬರಲ್ಲಿ ಮಾತಾಡ್ಬಾರ್ದಪ್ಪ!" ಅತ್ತೆ ಗದರಿದರು. "ಬೇರೆ ಯಾರಾದ್ರೂ ಕರೀತಿರ್ತಾರೆ. ಮನೆ ನಂಬರ್ ಕೊಡ್ತೀನಿ, ಬರ್ಕೋ. ಬೇಗ."

ನಂಬರು ಹೇಳಿ ಪಟ್ಟನೆ ಕತ್ತರಿಸಿದರು. ಆಮೇಲೆ ನಡುಮನೆಯ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂತರು. ಅದು ಎರಡನೇ ಸಲ ಹೊಡೆಯುವ ಮೊದಲೇ ಎತ್ತಿ, "ಉಗುರು ಬರ್ತಿದ್ಯಾ ಮಗಾ?" ಎಂದು ಕೇಳಿದರು.