ಚಿಕ್ಕಮ್ಮನ ಎ.ಸಿ., ನಮ್ಮ ಸುಣ್ಣದ ತಾರಸಿ

ಹೋದ ಬೇಸಿಗೆಯಲ್ಲಿ ಹರಿಹರದ ಚಿಕ್ಕಮ್ಮ, ಅಂದರೆ ಅವ್ವನ ತಂಗಿ, ದಾವಣಗೆರೆಯ ನಮ್ಮ ಮನೆಯಲ್ಲಿ ವಾರವಿರುತ್ತೇನೆಂದು ಬಂದವಳು ಅದೇ ದಿನ ಸಂಜೆ ಬಸ್ಸಿಗೆ ವಾಪಸ್ ಹೊರಟಳು. "ಅಕ್ಕಾ, ನಿನ್ ಮನಿ ರೊಟ್ಟಿ ಹಂಚಾಗೈತೆ. ನಾನೇನು ರೊಟ್ಟಿಯೇನು?" ಎಂದಳು. ಈ ಮಾತನ್ನು ನಾನೇ ಕೇಳಿದೆನೋ, ಅವ್ವ ಆಮೇಲೆ ಹೇಳಿ ಹೇಳಿ ನನ್ನ ಕಿವಿಗೆ ಅಂಟಿಸಿದಳೋ ಖಾತ್ರಿಯಿಲ್ಲ. ಆ ದಿನದ ದಿನಚರಿಯಲ್ಲಿ "ಚಿಕ್ಕಮ್ಮ ಬಂದು ಹೋದಳು. ವಿಪರೀತ ಸೆಕೆ" ಎಂದಷ್ಟೇ ಇದೆ.

ಅವ್ವನಿಗೆ ಆ ಮಾತು ನಾಟಿತ್ತು. ಈ ಬೇಸಿಗೆಯಲ್ಲಿ ತಂಗಿ ಒಂದು ರಾತ್ರಿಯಾದರೂ ಉಳಿಯಬೇಕೆಂಬುದು ಅವಳ ಹಟ.

"ಅಕಿ ಮನ್ಯಾಗ ಐದು ಸ್ಟಾರಿನ ಎ.ಸಿ. ಐತೆ. ನಮಗೆ ಆರು ಸ್ಟಾರಿಂದು ತಗಂಬಾ."

"ಐದರ ಮ್ಯಾಲೆ ಇರಲ್ಲವ್ವಾ."

"ಹುಡುಕಿದ್ರೆ ಸಿಗತೈತೆ."

ನಾನು ಓದಿದವಳೆಂಬ ಹುರುಪಿನಲ್ಲಿ ನಮ್ಮ ಫ್ರಿಜ್ ತೋರಿಸಿ ಪಾಠ ಶುರುಮಾಡಿದೆ. ಒಂದೇ ಅಳತೆಯ ಎರಡರಲ್ಲಿ ಹೆಚ್ಚು ಸ್ಟಾರಿನದು ಅದೇ ಕೆಲಸಕ್ಕೆ ಕಡಿಮೆ ಕರೆಂಟು ತಿನ್ನುತ್ತದೆ. ಆದರೆ ದೊಡ್ಡದೊಂದು ಐದು ಸ್ಟಾರಿನದು ಚಿಕ್ಕ ಮೂರು ಸ್ಟಾರಿನದಕ್ಕಿಂತ ಹೆಚ್ಚು ತಿನ್ನಲೂಬಹುದು. ಅದಕ್ಕೇ ಬಾಗಿಲಿಗೆ ಅಂಟಿಸಿರುವ ಸ್ಟಾರಿನ ಚೀಟಿಯಲ್ಲಿ ಬರೆದಿರುವ ವರ್ಷದ ಯೂನಿಟ್ಟನ್ನೂ ನೋಡಬೇಕು. ನೋಡೋಣವೆಂದರೆ, ಫ್ರಿಜ್ ಬಂದ ದಿನ ಪೂಜೆ ಮಾಡಿ ಅವ್ವ ಆ ಚೀಟಿಯ ಮೇಲೇ ಮೂರು ಬೆರಳಿನ ವಿಭೂತಿ ಎಳೆದಿದ್ದಳು. ಮೂರು ಸ್ಟಾರ್ ಎಂದು ನನ್ನ ನೆನಪು, ನಾಲ್ಕು ಎಂದು ಅವಳದು. ಒರೆಸಲು ಹೋದರೆ ಕೈಗೆ ಹೊಡೆದಳು. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದದ್ದಷ್ಟೇ ಅಂದಿನ ಸಾಧನೆ. ಹಿಂದೆ ಗಾಳಿಯಾಡದಿದ್ದರೆ ಎಷ್ಟು ಸ್ಟಾರಿದ್ದರೂ ಅದು ಸುಮ್ಮನೆ ಏದುಸಿರು ಬಿಡುತ್ತದೆ.

ಕೊನೆಗೆ ಚಿಕ್ಕಮ್ಮನ ಎ.ಸಿ.ಯನ್ನೇ ನೋಡಿಬರೋಣವೆಂದು ಹರಿಹರಕ್ಕೆ ಹೋದೆ. ಪಡಸಾಲೆ ನಿಜಕ್ಕೂ ತಣ್ಣಗಿತ್ತು. ದೀಪ ಹಚ್ಚುವ ಹೊತ್ತಾಯಿತು. ಚಿಕ್ಕಮ್ಮ ಎದ್ದು ಮುಂಬಾಗಿಲನ್ನು ಪೂರ್ತಿ ತೆರೆದಳು. ಎ.ಸಿ. ಓಡುತ್ತಲೇ ಇತ್ತು.

"ಚಿಕ್ಕಮ್ಮಾ, ತಂಪೆಲ್ಲ ಹೊರಗೆ ಹೋಗ್ತೈತೆ!"

"ಈ ಹೊತ್ತಿನಾಗ ಬಾಗ್ಲು ಹಾಕ್ತಾರೇನೇ? ಲಕ್ಷ್ಮಿ ಬರೋದು ಬ್ಯಾಡೇನು?"

"ಹಂಗಾರೆ ಎ.ಸಿ. ಆರಿಸು."

"ಲಕ್ಷ್ಮಿಗೆ ಸೆಕೆ ಆಗಲ್ಲೇನು?"

ಹೊರಗೆ ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರು ಆಗಲೇ ಬಂದು ಕೂತಿದ್ದರು. "ನಿಮ್ ಕಟ್ಟಿ ಮ್ಯಾಲೆ ಕೂತ್ರೆ ಹೊಳಿ ದಂಡ್ಯಾಗ ಕೂತಂಗ ಆಗತೈತೆ ನೋಡ್ರಿ" ಎಂದಳು ಒಬ್ಬಳು. ಐದು ಸ್ಟಾರಿನ ಯಂತ್ರ ಇಡೀ ಓಣಿಯನ್ನು ತಣಿಸಲು ಹೆಣಗುತ್ತಿತ್ತು.

ಅಲ್ಲಿಂದ ಬರುವಾಗ ನನಗೆ ದಾರಿ ಹೊಳೆಯಿತು: ಬಾಗಿಲು ತೆರೆದಿದ್ದರೂ ತಂಪಾಗಿರುವ ಮನೆ ಬೇಕು. ನಮ್ಮ ಮನೆಗೆ ಬಿಸಿ ಬರುತ್ತಿದ್ದುದು ತಾರಸಿಯಿಂದ, ಪಡುವಣ ಕಿಟಕಿಯಿಂದ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆಂದು ತಾರಸಿಗೆ ಗೋಂದು ಕಲಸಿದ ಸುಣ್ಣವನ್ನು ಎರಡು ಸಲ ಬಳಿದೆವು. ಒಳಗಿನ ಪರದೆಯನ್ನು ನಂಬದೆ, ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಿದೆವು. ಬಿಸಿಲನ್ನು ಗಾಜು ದಾಟುವ ಮೊದಲೇ ತಡೆಯಬೇಕು. ಅವ್ವನಿಗೆ ಮಾತ್ರ ನಂಬಿಕೆಯಿರಲಿಲ್ಲ. "ಸುಣ್ಣ ತೋರ್ಸಿ ತಂಗೀನ ಕರೀಲೇನು?" ಎಂದು ಗೊಣಗಿದಳು.

ಚಿಕ್ಕಮ್ಮ ಬಂದಳು. ಚಪ್ಪಲಿ ಬಿಡುವ ಮೊದಲೇ ಗೋಡೆಗಳನ್ನೆಲ್ಲ ನೋಡಿದಳು.

"ಎ.ಸಿ. ಎಲ್ಲೈತೆ ಅಕ್ಕಾ?"

"ತಾರಸಿ ಮ್ಯಾಲೈತೆ. ನೀ ಮೊದ್ಲು ಊಟಕ್ಕೆ ಕೂಡು."

ಊಟವಾಗಿ ಫ್ಯಾನಿನ ಕೆಳಗೆ ಅಡ್ಡಾದ ಚಿಕ್ಕಮ್ಮ ನಿದ್ದೆಹೋದಳು. ಸಂಜೆ ಬಸ್ಸಿಗೇ ವಾಪಸ್ ಹೋಗುತ್ತೇನೆಂದಿದ್ದಳು, ಆ ಹೊತ್ತಿಗೆ ನಾನು ಎಬ್ಬಿಸಬೇಕೆಂದಿದ್ದೆ. ಹೊಸ್ತಿಲಲ್ಲಿ ಕಾವಲು ಕೂತಿದ್ದ ಅವ್ವ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದಳು. ಚಿಕ್ಕಮ್ಮ ಎದ್ದಾಗ ದೇವರ ಮುಂದೆ ದೀಪ ಉರಿಯುತ್ತಿತ್ತು, ಬಾಗಿಲು ಹಾರುಹೊಡೆದಿತ್ತು.

"ಬಸ್ ಹೋತೇನು?"

"ಹೋತು."

"ಹೋಗಲಿ ಬಿಡು."

ದಿನಚರಿಯಲ್ಲಿ "ಸುಣ್ಣ ಗೆದ್ದಿತು" ಎಂದು ದೊಡ್ಡದಾಗಿ ಬರೆದೆ. ಹಿಂದಿನಿಂದ ಇಣುಕಿದ ಅವ್ವ ನಕ್ಕಳು. "ಮೂರು ಹೋಳಿಗಿ, ಮ್ಯಾಲೆ ಬಟ್ಟಲು ತುಪ್ಪ ತಿನ್ಸೀನಿ. ಬಸ್ ಮನಿ ಬಾಗ್ಲಿಗೆ ಬಂದಿದ್ರೂ ಅಕಿ ಏಳ್ತಿದ್ದಿಲ್ಲ." ಹಾಗಾದರೆ ಅವಳನ್ನು ಮಲಗಿಸಿದ್ದು ತಂಪೋ, ತುಪ್ಪವೋ? "ಅಥವಾ ಹೋಳಿಗೆ" ಎಂದು ಕೆಳಗೆ ಸೇರಿಸಬೇಕಾಯಿತು.

ಮರುದಿನ ಬರೀ ಅನ್ನ, ಸಾರು. ನಿಜವಾದ ಪರೀಕ್ಷೆ ಇದೇ ಎಂದು ನಾನು ಕಾದೆ. ಚಿಕ್ಕಮ್ಮ ಮಲಗಲಿಲ್ಲ. ಸುಡುಬಿಸಿಲಲ್ಲಿ ಒಬ್ಬಳೇ ತಾರಸಿ ಹತ್ತಿದಳು. ಹಿಂದೆಯೇ ಹೋಗಿ ನೋಡಿದರೆ, ಬಿಳಿ ಸುಣ್ಣದ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ. ಕಾಲು ಸುಟ್ಟು ಕುಣಿಯುತ್ತಿಲ್ಲ.

ಕೆಳಗಿಳಿದು, ಯಾವುದೋ ಬೇರೆ ವಿಷಯವೆಂಬಂತೆ ಅವ್ವನನ್ನು ಕೇಳಿದಳು: "ಸುಣ್ಣಕ್ಕೆ ಗೋಂದು ಎಷ್ಟು ಹಾಕಿದ್ರಿ?"

ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಅದನ್ನ ಹೇಳಬೇಕಂದ್ರೆ ಇನ್ನೊಂದು ದಿನ ಇರಬೇಕು."