ಓರೆಯಾದ ಕೆಮ್ಮಣ್ಣಿನ ಪಟ್ಟೆ

ಎಂಬತ್ತರ ದಶಕದ ಮಾತು. ತೋಟಕ್ಕೆ ಕೆರೆಯ ಗೋಡುಮಣ್ಣು ಹೊಡೆಯಲು ಹುಳಿಯಾರು ಕಡೆಯಿಂದ, ಮುಂದುಗಡೆ ಬಕೆಟ್ ಇದ್ದ ಟ್ರ್ಯಾಕ್ಟರ್ ಬಂದಿತ್ತು. ಕೊಬ್ಬರಿ ಅಟ್ಟದ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಬಳಿಯಬೇಕಿದ್ದ ನನ್ನ ಮೈದುನ, ಏಣಿ ಎಟುಕದೆ, ಆ ಬಕೆಟ್ಟಿನೊಳಗೆ ನಿಂತ. ಡ್ರೈವರ್ ಅವನನ್ನು ಮೇಲೆತ್ತಿ, ಎಂಜಿನ್ ಆರಿಸಿ, ಬಕೆಟ್ಟಿನ ಅಡಿಯ ನೆರಳಲ್ಲೇ ಟವೆಲ್ ಹಾಸಿ ಮಲಗಿಬಿಟ್ಟ.

ನಾನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದೆ. ಪಟ್ಟೆ ಬಲಕ್ಕೆ ಹೋದಂತೆಲ್ಲ ಕೆಳಕ್ಕಿಳಿಯುತ್ತಿತ್ತು.

“ಓರೆ ಆಯ್ತಲ್ಲಪ್ಪ!” ಎಂದೆ.

“ಎದೆಮಟ್ಟಕ್ಕೇ ಎಳೀತಿದ್ದೀನಿ ಕಣತ್ತಿಗೆ. ಗೋಡೇನೇ ಓರೆ, ಬುಡಿ.”

ಗೋಡೆ ನೆಟ್ಟಗಿತ್ತು. ಅವನ ಕೈಯೂ ಎದೆಮಟ್ಟದಲ್ಲೇ ಇತ್ತು. ಹಾಗಾದರೆ ಇಳಿದದ್ದು ಏನು? ಬಕೆಟ್ಟಿನ ತಳ ನೋಡಿದೆ. ಮೊದಲು ಅಟ್ಟದ ಕಿಟಕಿಯ ನೆತ್ತಿಗಿದ್ದದ್ದು ಈಗ ಅರ್ಧ ಕಿಟಕಿಗೆ ಬಂದಿತ್ತು. ಬಕೆಟ್ಟನ್ನು ಎತ್ತಿಹಿಡಿದಿದ್ದ ಎಣ್ಣೆ ಎಲ್ಲೋ ಸೋರಿ, ಅದು ಸದ್ದೇ ಇಲ್ಲದೆ, ಮಲಗಿದವನ ಮೇಲಕ್ಕೇ ಇಳಿಯುತ್ತಿತ್ತು. ಮೊರ ಬಿಸಾಕಿ ಓಡಿ, ಡ್ರೈವರನ ಕಾಲು ಹಿಡಿದು ಈಚೆಗೆ ಎಳೆದೆ.

“ಟೀ ಆಯ್ತೇನಕ್ಕಾ?” ಎಂದು ಅವನು ಕಣ್ಣುಜ್ಜಿಕೊಂಡ.

ಆ ಪಟ್ಟೆಯನ್ನು ನಾವು ತಿದ್ದಲಿಲ್ಲ. ಮುಂದೆ ಬಂದಾಗಲೆಲ್ಲ ಆ ಡ್ರೈವರ್ ಮೊದಲು ಗೋಡೆ ನೋಡುತ್ತಿದ್ದ. ಆಮೇಲೆ ದೂರದ ಹೊಂಗೆಮರದಡಿ ಹೋಗಿ ಮಲಗುತ್ತಿದ್ದ.