ಗಂಜಗ ಕಟ್ಟಿದವಳು

ಚೋಯಿರ್ ಊರಿನ ಹೊಲಿಗೆ ಕಾರ್ಖಾನೆಗೆ ಬೀಗ ಬಿದ್ದಾಗ, ಅಲ್ಲಿ ಹೊಲಿಯುತ್ತಿದ್ದ ಸೆಂದಾಯುಷ್ ಅಳುತ್ತ ಕೂರಲಿಲ್ಲ. ಊರಿನ ಹೆಂಗಸರು ಆಗಲೇ ರೈಲು ಹತ್ತಿ, ಗಡಿಯಾಚೆಯಿಂದ ಚೀನಾ ಮಾಲು ತಂದು ಮಾರತೊಡಗಿದ್ದರು. ಆ ದಂಧೆಗೆ ಜನ ಇಟ್ಟ ಹೆಸರು 'ಗಂಜಗದ ವ್ಯಾಪಾರ'. ಅವಳೂ ಹೊರಟಳು. ಮೊದಲ ಸಲವೇ ಗಡಿಯ ಪ್ಲಾಟ್‌ಫಾರಮ್ಮಿನಲ್ಲಿ ಮೂಟೆಯ ಹಗ್ಗ ಹರಿದು, ತಂದ ಜಾಕೆಟ್ಟುಗಳೆಲ್ಲ ಜನರ ಕಾಲಡಿಗೆ ಸಿಕ್ಕವು.

ಊರಿಗೆ ಮರಳಿದವಳೇ ಹುಲ್ಲುಗಾವಲಿನಲ್ಲಿದ್ದ ಅಪ್ಪನ ಗುಡಾರಕ್ಕೆ ಹೋದಳು. ಮುದುಕ ಲಾಮ್‌ಜಾವ್ ಕುದುರೆಯ ಜೀನಿಗೆ ಕೊಬ್ಬು ಸವರುತ್ತಿದ್ದ.

"ಅಪ್ಪಾ, ಆ ಗಂಜಗ ಬಿಚ್ಕೊಡು."

ಜೀನಿನ ಎರಡೂ ಬದಿಗೆ ಇಳಿಬಿದ್ದಿದ್ದ ತೊಗಲ ಬಾರುಗಳನ್ನು ಮುದುಕ ಅಂಗೈಯಲ್ಲಿ ಮುಚ್ಚಿಕೊಂಡ. "ಇದು ಯಾತಕ್ಕಿರೋದು ಗೊತ್ತೇನೇ? ಬೇಟೆಗೆ ಹೋದೋನು ಹೊಡೆದಿದ್ದನ್ನ ಕಟ್ಕೊಂಡು ಬರೋಕೆ. ನಮ್ಮಜ್ಜ ಇದ್ರಲ್ಲಿ ತೋಳ ಕಟ್ಕೊಂಡು ಬಂದಿದ್ದ. ನೀನು ಚೀನಾ ಚಿಂದಿ ಕಟ್ತೀಯಾ?"

"ಕುದುರೆ ಬೆನ್ನಿಗೆ ಹಿಡಿಸೋ ಅಷ್ಟೇ ಮಾಲು ತರೋರು ಅಂತ ಊರೋರು ನಮ್ಮನ್ನ ಆಡ್ಕೋತಾರೆ. ನಮ್ಮ ದಂಧೆ ಹೆಸರನ್ನ ನಿನ್ನ ಜೀನಿಂದ್ಲೇ ಕಿತ್ಕೊಂಡಾಯ್ತು. ಇನ್ನು ಬಾರು ಕೊಡೋಕೇನು?"

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಜೀನನ್ನು ಮುಟ್ಟಗೊಡಲಿಲ್ಲ, ಎತ್ತಿನ ತೊಗಲು ಹದ ಮಾಡಿ ಹೊಸ ಬಾರುಗಳನ್ನೇ ಸೀಳಿಕೊಟ್ಟ, ಗಂಟು ಹಾಕುವುದನ್ನೂ ಕಲಿಸಿದ.

ಮುಂದಿನ ಸಲ ಅವಳ ಮೂಟೆ ರೈಲಿನ ಬಾಗಿಲಿಂದ ಜಲ್ಲಿಯ ಮೇಲೆ ಉರುಳಿತು. ಒಂದು ದಾರವೂ ಹೊರಬರಲಿಲ್ಲ.

"ಏನಕ್ಕಾ, ಸತ್ತ ತೋಳ ತಂದಿದ್ದೀಯಾ?" ಎಂದ ಗಾರ್ಡು.

"ಸತ್ತಿಲ್ಲ ಕಣೋ. ಮುಟ್ಟಿ ನೋಡು, ಕಚ್ಚುತ್ತೆ."

ಅಪ್ಪನಿಗೂ ಒಂದು ಜಾಕೆಟ್ಟು ಕೊಟ್ಟಳು. ಅವನು ಅದನ್ನು ತೊಟ್ಟು ಕುದುರೆ ಮಂದೆಯನ್ನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಭುಜದ ಹೊಲಿಗೆ ಬಿಟ್ಟುಕೊಂಡಿತ್ತು.

"ಬಾರು ಗಟ್ಟಿ ಕಣಮ್ಮ. ಬೇಟೆಯೇ ಟೊಳ್ಳು!"

ಹೊಲಿಗೆಯವಳಿಗೆ ಈ ಮಾತು ಚುಚ್ಚಿತು. ಉಳಿದ ಜಾಕೆಟ್ಟುಗಳ ಭುಜ, ಕಂಕುಳು ಎಲ್ಲ ಬಿಚ್ಚಿ ಎರಡೆಳೆ ದಾರದಲ್ಲಿ ಮತ್ತೆ ಹೊಲಿದೇ ಮಾರಿದಳು. ಮಾರುಕಟ್ಟೆಯಲ್ಲಿ ಜನ "ಸೆಂದಾ ಹೊಲಿದದ್ದು ಇದೆಯಾ?" ಎಂದು ಕೇಳಿ ಕೊಳ್ಳತೊಡಗಿದರು. ಹಾಗೆ ಕೇಳುವವರು ಹೆಚ್ಚಾದಂತೆ, ಚೀನಾ ಮಾಲನ್ನು ಬಿಚ್ಚಿ ಹೊಲಿಯುವ ಬದಲು ತಾನೇ ಯಾಕೆ ಹೊಲಿಯಬಾರದು ಅನ್ನಿಸಿತು. ಕಾರ್ಖಾನೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಯಂತ್ರಗಳಲ್ಲಿ ಎರಡನ್ನು ಕೊಂಡು, ಜೊತೆಗೆ ದುಡಿದಿದ್ದ ಗೆಳತಿಯರನ್ನು ಮನೆಗೆ ಕರೆದಳು. ಮೊದಲು ಹೊಲಿದದ್ದು ಸವಾರರ ಕೋಟು.

ಲಾಮ್‌ಜಾವ್ ಅದನ್ನು ತೊಟ್ಟು ದಿನವಿಡೀ ಕುದುರೆ ಓಡಿಸಿ ಬಂದ. ಎಳೆದು ನೋಡಿದ, ತಿರುವಿ ನೋಡಿದ, ತಪ್ಪು ಸಿಗಲಿಲ್ಲ.

"ತೋಳು ಉದ್ದ ಆಯ್ತು," ಎಂದ ಕೊನೆಗೆ.

"ಚಳಿ ಬರ್ಲಿ, ಬೆರಳು ಮರಗಟ್ಟಿ ತೋಳೊಳಗೆ ಎಳ್ಕೊಂಡಾಗ ಹೇಳು," ಎನ್ನುತ್ತ ಸೆಂದಾಯುಷ್ ಮುಂದಿನ ಕೋಟಿನ ಬಟ್ಟೆ ಹರಡಿ ಕತ್ತರಿ ಎತ್ತಿಕೊಂಡಳು.